ಸಂಸ್ಥಾಪಕರೇ, ನಿಮ್ಮ ಹೆಸರಿನ ಬರಹವನ್ನು ನೀವೇ ಬರೆಯಿರಿ

ಮಾನ್ಯರೇ,

ಜಾಹೀರಾತು ಮತ್ತು ವಿನ್ಯಾಸ ಏಜೆನ್ಸಿ ನಡೆಸುವವರು ಉದ್ಯೋಗ, ವ್ಯಾಪಾರದವರ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ತಮ್ಮ ಹೆಸರನ್ನೇ ಒಂದು ಬ್ರ್ಯಾಂಡ್ ಆಗಿ ಬೆಳೆಸಿಕೊಳ್ಳಬೇಕು, ಬರೆಯಲು ಪುರುಸೊತ್ತಿಲ್ಲದಿದ್ದರೆ ಹಣ ಕೊಟ್ಟು ಬರೆಸಬೇಕು ಎಂಬ ಸಲಹೆ ನಿಮ್ಮ ವಾಣಿಜ್ಯ ಪುಟದ ಲೇಖನವೊಂದರಲ್ಲಿ ಬಂದಿತ್ತು. ಮೊದಲ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ. ಅದು ನಮ್ಮಂಥ ಸಣ್ಣ ಏಜೆನ್ಸಿಗಳಿಗೆ ದೊಡ್ಡ ಹಾನಿ ಮಾಡುತ್ತದೆ ಎಂದು ನಂಬಿರುವುದರಿಂದ ಈ ಪತ್ರ ತುಸು ಉದ್ದವಾಗಿದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಚಿಕ್ಕ ಸಂಸ್ಥೆ. ಪೊಟ್ಟಣ, ಡಬ್ಬಿ, ಲೇಬಲ್‌ಗಳ ವಿನ್ಯಾಸ ನಮ್ಮ ಮುಖ್ಯ ಕೆಲಸ. ಜೊತೆಗೆ ಜಾಹೀರಾತು, ಕೆಲವರಿಗೆ ವೆಬ್‌ಸೈಟ್. ಬ್ಯಾಡಗಿಯ ಮೆಣಸಿನಕಾಯಿ ಪುಡಿಯವರು, ಗೋಕಾಕದ ಕರದಂಟಿನವರು, ಬೆಳಗಾವಿಯ ಫೌಂಡ್ರಿಯವರು, ಧಾರವಾಡದ ಬೀಜದ ವ್ಯಾಪಾರಿಗಳು ನಮ್ಮ ಗಿರಾಕಿಗಳು. ಇಂಥ ಸಂಸ್ಥೆಯ ಬಳಿ ಗಾಜಿನ ಕಟ್ಟಡ ಇರುವುದಿಲ್ಲ, ಮುಂಬೈಯಲ್ಲಿ ಶಾಖೆ ಇರುವುದಿಲ್ಲ, ಪ್ರಶಸ್ತಿ ಸಮಾರಂಭಕ್ಕೆ ಪ್ರವೇಶ ಶುಲ್ಕ ಕಟ್ಟುವ ಶಕ್ತಿಯೂ ಇರುವುದಿಲ್ಲ. ಕೆಲಸ ಕೊಡುವ ಮುಂಚೆ ಗಿರಾಕಿ ನೋಡುವುದು ಒಂದನ್ನೇ: ಇದನ್ನು ನಡೆಸುತ್ತಿರುವವರು ಯಾರು, ಅವರಿಗೆ ಏನು ಗೊತ್ತು. ಹಾಗಾಗಿ ಸಂಸ್ಥಾಪಕರು ಮುಖ ತೋರಿಸಲೇಬೇಕು, ಬಾಯಿ ತೆರೆಯಲೇಬೇಕು.

ಇದು ಲಿಂಕ್ಡ್‌ಇನ್ ಬಂದ ಮೇಲೆ ಹುಟ್ಟಿದ ಅಗತ್ಯವೂ ಅಲ್ಲ. ಜಾಹೀರಾತು ಉದ್ಯಮದಲ್ಲಿ ಅಂಗಡಿಯ ಫಲಕದ ಮೇಲೆ ಸಂಸ್ಥಾಪಕರ ಹೆಸರೇ ಇರುತ್ತಿತ್ತು. 1935ರಲ್ಲಿ ಶಿಕಾಗೊದಲ್ಲಿ ಲಿಯೋ ಬರ್ನೆಟ್, 1948ರಲ್ಲಿ ನ್ಯೂಯಾರ್ಕ್‌ನಲ್ಲಿ ಡೇವಿಡ್ ಓಗಿಲ್ವಿ, 1973ರಲ್ಲಿ ನಮ್ಮ ಪಕ್ಕದ ಮದರಾಸಿನಲ್ಲಿ ಆರ್.ಕೆ. ಸ್ವಾಮಿ ಕಟ್ಟಿದ ಏಜೆನ್ಸಿಗಳನ್ನು ಜನ ಗುರುತಿಸಿದ್ದು ಆ ವ್ಯಕ್ತಿಗಳ ಹೆಸರಿನಿಂದಲೇ. ಓಗಿಲ್ವಿ ಸಂಸ್ಥೆ ತನ್ನನ್ನು ತಾನು ಪ್ರಚಾರ ಮಾಡಿಕೊಂಡ ಬಗೆಯನ್ನು ಇಂದಿನವರು ಗಮನಿಸಬೇಕು. ಪತ್ರಿಕೆಗಳಲ್ಲಿ ಜಾಗ ಕೊಂಡು, ಫಲ ಕೊಡುವ ಜಾಹೀರಾತನ್ನು ಮಾಡುವುದು ಹೇಗೆ ಎಂಬ ತನ್ನ ವಿದ್ಯೆಯನ್ನೇ ಪುಟ ತುಂಬ ಬರೆದು ಪ್ರಕಟಿಸಿತು. ಓದಿದವರು ಅದನ್ನು ಕತ್ತರಿಸಿ ಇಟ್ಟುಕೊಳ್ಳಬಹುದಿತ್ತು, ತಾವೇ ಮಾಡಿ ನೋಡಬಹುದಿತ್ತು. ತಾವೇ ಮಾಡುವುದು ಕಷ್ಟ ಎನಿಸಿದವರು ಆ ಸಂಸ್ಥೆಯ ಬಾಗಿಲು ತಟ್ಟುತ್ತಿದ್ದರು. ಇಷ್ಟು ಸರಳವಾದ ಕ್ರಮ ಇಂದಿಗೂ ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

ಲಿಂಕ್ಡ್‌ಇನ್ ಶುರುವಾದದ್ದು 2003ರಲ್ಲಿ. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು 2,620 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಇಂದು ಭಾರತದಲ್ಲೇ ಅದಕ್ಕೆ 10 ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ. ಅಮೆರಿಕ ಬಿಟ್ಟರೆ ಅದರ ದೊಡ್ಡ ನೆಲೆ ನಮ್ಮದೇ ದೇಶ. ಒಂದು ಕಾಲಕ್ಕೆ ನೌಕರಿ ಹುಡುಕುವವರು ಬಯೋಡೇಟಾ ಹಾಕುವ ಜಾಗವಾಗಿದ್ದದ್ದು ಈಗ ವ್ಯಾಪಾರ ಕುದುರುವ ಜಾಗವಾಗಿದೆ. ಅಲ್ಲಿ ನಮ್ಮ ಸಂಸ್ಥೆಯ ಪುಟದಲ್ಲಿ ಹಾಕಿದ್ದನ್ನು ಓದುವವರು ಕಡಿಮೆ. ಅದೇ ಮಾತನ್ನು ನಾನು ನನ್ನ ಹೆಸರಿನಲ್ಲಿ ಬರೆದರೆ ಎಷ್ಟೋ ಪಟ್ಟು ಹೆಚ್ಚು ಜನ ಓದುತ್ತಾರೆ. ಜನ ಜನರೊಡನೆ ಮಾತಾಡಲು ಬಯಸುತ್ತಾರೆ, ಲಾಂಛನದೊಡನೆ ಅಲ್ಲ. ಆ ನಂಬಿಕೆಯ ಮೇಲೆಯೇ ಈಗ, ಹಣ ಪಡೆದು ಸಂಸ್ಥಾಪಕರ ಹೆಸರಿನಲ್ಲಿ ಬರೆದುಕೊಡುವ ಒಂದು ಹೊಸ ದಂಧೆ ಬೆಳೆದು ನಿಂತಿದೆ.

ಅಂಥದ್ದೊಂದು ಕಂಪನಿಯ ಪ್ರತಿನಿಧಿ ನಮ್ಮ ಕಚೇರಿಗೂ ಬಂದಿದ್ದರು. ಸೌಜನ್ಯದ ಯುವಕ, ತಯಾರಿ ಚೆನ್ನಾಗಿತ್ತು. ತಿಂಗಳಿಗೆ ಇಂತಿಷ್ಟು ಪೋಸ್ಟ್, ಅರ್ಧ ದಿನದ ಫೋಟೊ ಶೂಟ್, ಪ್ರತಿ ಪೋಸ್ಟ್‌ಗೆ ಮೊದಲ ಗಂಟೆಯಲ್ಲೇ ಬೀಳುವ ಕಾಮೆಂಟ್‌ಗಳ ಭರವಸೆ, ನನ್ನ ಖಾತೆಯಿಂದ ದಿನವೂ ತಾನಾಗಿಯೇ ಹೋಗುವ ಸಂಪರ್ಕದ ಕೋರಿಕೆಗಳು. ನಾನು ಮಾಡಬೇಕಾದದ್ದು ಪಾಸ್‌ವರ್ಡ್ ಕೊಡುವುದು ಮತ್ತು ಒಂದು ಪ್ರಶ್ನಾವಳಿ ತುಂಬುವುದು. ಆ ಪ್ರಶ್ನಾವಳಿಯನ್ನು ಪೂರ್ತಿ ಓದಿದೆ. ನಿಮ್ಮ ಬಾಲ್ಯದ ಬಡತನದ ಒಂದು ಘಟನೆ ಬರೆಯಿರಿ. ನಿಮ್ಮನ್ನು ಅವಮಾನ ಮಾಡಿದ ಗಿರಾಕಿಯ ಬಗ್ಗೆ ಬರೆಯಿರಿ. ನೀವು ಕೆಲಸದಿಂದ ತೆಗೆಯಬೇಕಾಗಿ ಬಂದ ನೌಕರನ ಬಗ್ಗೆ ಬರೆಯಿರಿ. ಘಟನೆ ನೆನಪಿಗೆ ಬರದಿದ್ದರೆ ನಾವೇ ಒಂದು ಹೊಂದಿಸಿ ಕೊಡುತ್ತೇವೆ ಎಂದು ಕೊನೆಯಲ್ಲಿ ಇತ್ತು. ನಾವು ಮಾಡುವ ಕೆಲಸ ಯಾವುದು, ಅದನ್ನು ಹೇಗೆ ಮಾಡುತ್ತೇವೆ ಎಂಬ ಒಂದು ಪ್ರಶ್ನೆಯೂ ಅದರಲ್ಲಿ ಇರಲಿಲ್ಲ.

ನನಗೆ ಸಿಟ್ಟು ಬಂದದ್ದು ಸುಳ್ಳಿನ ಬಗ್ಗೆ ಮಾತ್ರ ಅಲ್ಲ. ಇಪ್ಪತ್ತು ಊರುಗಳ ಇಪ್ಪತ್ತು ಸಂಸ್ಥಾಪಕರು ಈ ಪ್ರಶ್ನಾವಳಿ ತುಂಬಿ ಕೊಟ್ಟರೆ ಇಪ್ಪತ್ತೂ ಜನರ ಬರಹ ಒಂದೇ ಆಗುತ್ತದೆ. ಆಗಿದೆ ಕೂಡ. ಒಂದು ವಾಕ್ಯಕ್ಕೊಂದು ಸಾಲು, ನಡುವೆ ಖಾಲಿ ಜಾಗ, ಮೊದಲ ಎರಡು ಮೂರು ಸಾಲಿನಲ್ಲಿ ಕುತೂಹಲ ಹುಟ್ಟಿಸಿ ಉಳಿದದ್ದನ್ನು ಓದಲು ಗುಂಡಿ ಒತ್ತುವಂತೆ ಮಾಡುವ ಅದೇ ತಂತ್ರ, ಕೊನೆಗೆ ಅದೇ ಉಪದೇಶ. ಓದುಗರಿಗೆ ಇದು ಗೊತ್ತಾಗುವುದಿಲ್ಲ ಎಂದುಕೊಂಡರೆ ತಪ್ಪು. ಗಿರಾಕಿಯೊಬ್ಬರು ನನ್ನ ಎದುರಿಗೇ ಎರಡು ಬೇರೆ ಏಜೆನ್ಸಿಯವರ ಪೋಸ್ಟ್‌ಗಳನ್ನು ಮೊಬೈಲ್‌ನಲ್ಲಿ ತೋರಿಸಿದರು. ಅಪ್ಪನ ಹಳೆಯ ಸೈಕಲ್ಲಿನ ಕತೆ ಎರಡರಲ್ಲೂ ಇತ್ತು. ‘ಯಾರದು ಮೇಡಂ ನಿಜವಾದ ಸೈಕಲ್?’ ಎಂದು ಅವರು ಕೇಳಿದರು. ಆ ಇಬ್ಬರಲ್ಲಿ ಒಬ್ಬರ ಅಪ್ಪ ನಿಜವಾಗಿಯೂ ಸೈಕಲ್ ತುಳಿದು ಮಕ್ಕಳನ್ನು ಓದಿಸಿದವರಿರಬಹುದು. ಅವರ ಬದುಕಿಗೂ ಈಗ ಅನುಮಾನ ಅಂಟಿಕೊಂಡಿತು.

ಹಾಗಾದರೆ ಏನು ಬರೆಯಬೇಕು? ನಮ್ಮದೇ ಒಂದು ಉದಾಹರಣೆ ಕೊಡುತ್ತೇನೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ, ಆ ಪ್ರದೇಶದ ಬೆಳೆ ಎಂಬ ಗುರುತು ಕೊಡುವ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಕಡುಗೆಂಪು, ಮೈ ತುಂಬ ಸುಕ್ಕು. ಅದರ ಪುಡಿ ಮಾರುವ ಕುಟುಂಬವೊಂದು ಹೊಸ ಪೌಚ್ ಮಾಡಿಸಲು ನಮ್ಮ ಬಳಿ ಬಂದಿತ್ತು. ಅವರು ಹಿಂದೆ ಬೇರೆ ಕಡೆ ಮಾಡಿಸಿದ್ದ ಪೌಚ್‌ನ ಮೇಲೆ ‘ಶುದ್ಧ ಬ್ಯಾಡಗಿ’ ಎಂಬುದು ‘ಶುದ್‌ಧ’ ಎಂದು ಅಚ್ಚಾಗಿತ್ತು. ದಕಾರಕ್ಕೆ ಒತ್ತು ಬೀಳುವ ಬದಲು ಅರ್ಧ ಅಕ್ಷರ ಬೇರೆ, ಪೂರ್ಣ ಅಕ್ಷರ ಬೇರೆಯಾಗಿ ಪಕ್ಕಪಕ್ಕ ಕೂತಿದ್ದವು. ಅದರ ಕೆಳಗಿನ ಸಾಲಿನಲ್ಲಿ ‘ಬ್ಯಾ’ದ ಯಕಾರದ ಒತ್ತು ಅರ್ಧಕ್ಕೇ ಕತ್ತರಿಸಿ ಹೋಗಿತ್ತು. ಕನ್ನಡ ಬರುವ ಯಾರಿಗಾದರೂ ಕಣ್ಣಿಗೆ ಚುಚ್ಚುವ ತಪ್ಪು.

ಇದಕ್ಕೆ ಯಾರ ಅಜ್ಞಾನವೂ ಕಾರಣವಲ್ಲ, ಕೆಲಸದ ವಿಧಾನ ಕಾರಣ. ವಿನ್ಯಾಸದ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಅಕ್ಷರ ಸಂಯೋಜಕವನ್ನು ಬೇರೆಯಾಗಿ ಆಯ್ಕೆ ಮಾಡಿಕೊಳ್ಳಬೇಕು. ಇಂಗ್ಲಿಷಿನ ಕಡತವನ್ನೇ ತೆರೆದು ಅದರಲ್ಲಿ ಯೂನಿಕೋಡ್ ಕನ್ನಡವನ್ನು ಅಂಟಿಸಿದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಇಂಗ್ಲಿಷ್ ಸಾಲುಗಳಿಗೆ ಇಟ್ಟ ಅಂತರವನ್ನೇ ಕನ್ನಡಕ್ಕೂ ಇಟ್ಟರೆ, ಕೆಳಗೆ ಇಳಿಬೀಳುವ ಒತ್ತುಗಳಿಗೆ ಜಾಗ ಸಾಲದೆ ಮುಂದಿನ ಬಣ್ಣದ ಪಟ್ಟಿ ಅವುಗಳನ್ನು ನುಂಗುತ್ತದೆ. ಪೌಚ್‌ನ ಫಿಲ್ಮ್ ಗ್ರಾವ್ಯೂರ್ ವಿಧಾನದಲ್ಲಿ ಮುದ್ರಣವಾಗುವುದಾದರೆ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಬೇಕು. ಕೆತ್ತಿದ ಮೇಲೆ ಒಂದು ಒತ್ತು ತಿದ್ದುವುದೆಂದರೆ ಸಿಲಿಂಡರನ್ನೇ ಹೊಸದಾಗಿ ಮಾಡಿಸಬೇಕು. ಆ ಖರ್ಚಿಗೆ ಹೆದರಿ ತಪ್ಪು ಪೌಚನ್ನೇ ವರ್ಷಗಟ್ಟಲೆ ಮಾರುತ್ತಿರುವವರು ನಮ್ಮ ಜಿಲ್ಲೆಗಳಲ್ಲಿ ಬಹಳ ಜನ ಇದ್ದಾರೆ.

ನಾನು ಇದನ್ನೆಲ್ಲ ಲಿಂಕ್ಡ್‌ಇನ್‌ನಲ್ಲಿ ಕನ್ನಡದಲ್ಲೇ ಬರೆದೆ. ಗಿರಾಕಿಯ ಒಪ್ಪಿಗೆ ಪಡೆದು ಹಳೆಯ ಮತ್ತು ಹೊಸ ಪೌಚ್‌ಗಳ ಚಿತ್ರ ಹಾಕಿದೆ. ಸಿಲಿಂಡರ್ ಕೆತ್ತಲು ಕಳಿಸುವ ಮುನ್ನ ಏನೇನು ನೋಡಬೇಕು ಎಂಬ ನಮ್ಮ ತಪಾಸಣೆಯ ಪಟ್ಟಿಯನ್ನೂ ಕೊಟ್ಟೆ: ಒತ್ತಕ್ಷರಗಳನ್ನು ದೊಡ್ಡದು ಮಾಡಿ ಕಾಗದದ ಮೇಲೆ ಮುದ್ರಿಸಿ ಓದುವುದು, ವಿನ್ಯಾಸಕಾರರಲ್ಲದ ಒಬ್ಬರಿಂದ ಗಟ್ಟಿಯಾಗಿ ಓದಿಸುವುದು, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳನ್ನು ಇಬ್ಬರು ಎಣಿಸುವುದು, ನಿವ್ವಳ ತೂಕದ ಅಂಕಿಯ ಎತ್ತರ ನಿಯಮಕ್ಕೆ ಸರಿಯಾಗಿದೆಯೇ ಎಂದು ಅಳತೆಪಟ್ಟಿ ಇಟ್ಟು ನೋಡುವುದು.

ಆ ಪೋಸ್ಟ್‌ಗೆ ಬಂದ ಲೈಕ್‌ಗಳು ಹೆಚ್ಚೇನಲ್ಲ. ಆದರೆ ಯಾರೋ ಅದರ ಚಿತ್ರ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟರು. ಮಸಾಲೆ ಮತ್ತು ಉಪ್ಪಿನಕಾಯಿ ಮಾಡುವವರ ಗುಂಪುಗಳಲ್ಲಿ ಅದು ಓಡಾಡಿತು. ಲಿಂಕ್ಡ್‌ಇನ್ ಖಾತೆಯೇ ಇಲ್ಲದ ಹಿರಿಯರೊಬ್ಬರು ಬಾಗಲಕೋಟೆ ಕಡೆಯಿಂದ ಫೋನ್ ಮಾಡಿ, ‘ಒತ್ತಿನ ಬಗ್ಗೆ ಬರೆದವರು ನೀವೇ ಏನ್ರೀ?’ ಎಂದು ಕೇಳಿದರು. ಅವರ ರೊಟ್ಟಿ, ಚಟ್ನಿಪುಡಿಯ ಪೂರ್ತಿ ಕೆಲಸ ಈಗ ನಮ್ಮಲ್ಲಿದೆ. ನಮಗೆ ಕೆಲಸ ಕೊಡುವವರಲ್ಲಿ ಹೆಚ್ಚಿನವರು ಲೈಕ್ ಗುಂಡಿ ಒತ್ತುವವರಲ್ಲ. ಸುಮ್ಮನೆ ಓದಿ, ನೆನಪಿಟ್ಟುಕೊಂಡು, ಅಗತ್ಯ ಬಿದ್ದ ದಿನ ಕರೆಯುವವರು. ಎಷ್ಟು ಲೈಕ್ ಬಂತು ಎಂಬುದನ್ನೇ ಅಳತೆಗೋಲು ಮಾಡಿಕೊಂಡವರಿಗೆ ಇಂಥ ಓದುಗರು ಕಾಣಿಸುವುದೇ ಇಲ್ಲ.

ಇನ್ನು ನಾನು ಹೇಳಲೇಬೇಕಾದ ಮುಖ್ಯ ಮಾತು. ಆ ಒತ್ತಕ್ಷರದ ದೋಷವನ್ನು ಮೊದಲು ಕಂಡವಳು ನಾನಲ್ಲ. ನಮ್ಮಲ್ಲಿರುವ ಹಿರಿಯ ವಿನ್ಯಾಸಕಾರರು ಕಂಡರು. ಅವರು ಹಿಂದೆ ಪತ್ರಿಕೆಯೊಂದರಲ್ಲಿ ಪುಟ ಜೋಡಿಸುತ್ತಿದ್ದವರು. ಕನ್ನಡ ಅಕ್ಷರದ ಕೆಳಗೆ ಎಷ್ಟು ಜಾಗ ಬಿಡಬೇಕೆಂಬುದು ಅವರ ಕೈಗೇ ಗೊತ್ತು. ಪೋಸ್ಟ್ ಬರೆಯುವ ಮುಂಚೆ ಅವರ ಪಕ್ಕ ಕೂತು, ಪರದೆಯ ಮೇಲೆ ಏನು ಒತ್ತಿದರೆ ಏನಾಗುತ್ತದೆ ಎಂದು ಕೇಳಿ ತಿಳಿದುಕೊಂಡೆ. ಮೊದಲ ಸಾಲಿನಲ್ಲೇ ಅವರ ಹೆಸರು ಹಾಕಿದೆ. ಸ್ವತಃ ಬರೆಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಬರೆಯಲು ಕೂತಾಗ ಕೆಲಸ ಮಾಡಿದವರ ಬಳಿಗೆ ಹೋಗಲೇಬೇಕಾಗುತ್ತದೆ. ಹೋದಾಗ ಯಾವ ಕೆಲಸ ಯಾರದು ಎಂಬುದು ಗೊತ್ತಾಗುತ್ತದೆ, ಅದನ್ನು ಮುಚ್ಚಿಡಲು ಮನಸ್ಸು ಒಪ್ಪುವುದಿಲ್ಲ. ಬೇರೆ ಊರಿನಲ್ಲಿ ಕೂತು ಬರೆದುಕೊಡುವ ಬಾಡಿಗೆ ಬರಹಗಾರರಿಗೆ ನಮ್ಮ ವಿನ್ಯಾಸಕಾರರು ಇದ್ದಾರೆ ಎಂಬುದೇ ತಿಳಿದಿರುವುದಿಲ್ಲ. ಹೀಗಾಗಿ ಅವರ ಬರಹದಲ್ಲಿ ಎಲ್ಲವನ್ನೂ ಸಂಸ್ಥಾಪಕರೇ ಕಂಡುಹಿಡಿದಿರುತ್ತಾರೆ, ಸಂಸ್ಥಾಪಕರೇ ಗೆದ್ದಿರುತ್ತಾರೆ.

ಅದನ್ನು ಓದುವ ನೌಕರರ ಮನಸ್ಸಿನಲ್ಲಿ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಸ್ವಂತ ಸಂಸ್ಥೆ ಕಟ್ಟುವ ಮುಂಚೆ ನಾನೂ ಬೆಂಗಳೂರಿನ ಏಜೆನ್ಸಿಯೊಂದರಲ್ಲಿ ದುಡಿದಿದ್ದೇನೆ. ನಾವು ನಾಲ್ಕು ಜನ ರಾತ್ರಿ ಕೂತು ಮಾಡಿದ ಪ್ರಚಾರಕ್ಕೆ ಮಾಲೀಕರೊಬ್ಬರ ಹೆಸರೇ ಎಲ್ಲ ಕಡೆ ಓಡಿತು. ಸಂಬಳ ಸಿಗಲಿಲ್ಲ ಎಂದಲ್ಲ, ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆದರೆ ಮುಂದಿನ ಕೆಲಸಕ್ಕೆ ಕೈ ಹಾಕುವಾಗ ಮೊದಲಿನ ಹುರುಪು ನಮ್ಮಲ್ಲಿ ಉಳಿದಿರಲಿಲ್ಲ.

ಕೆಲಸ ಮಾಡಿದವರ ಹೆಸರು ಹಾಕಿದರೆ ದೊಡ್ಡ ಏಜೆನ್ಸಿಯವರು ಅವರನ್ನು ಎಳೆದುಕೊಂಡು ಹೋಗುತ್ತಾರೆ ಎಂದು ನನ್ನ ಸ್ನೇಹಿತರು ಎಚ್ಚರಿಸಿದ್ದರು. ಭಯ ಸುಳ್ಳಲ್ಲ. ನಮ್ಮಲ್ಲಿ ಚಿತ್ರ ಬರೆಯುತ್ತಿದ್ದ ಹುಡುಗಿಯೊಬ್ಬಳು ಹಾಗೆಯೇ ಪುಣೆಗೆ ಹೋದಳು, ಒಳ್ಳೆಯ ಸಂಬಳಕ್ಕೆ. ಅವಳ ಜಾಗ ತುಂಬಲು ನಮಗೆ ಕಷ್ಟವಾಯಿತು. ಆದರೆ ಅವಳ ನಂತರ ಅರ್ಜಿ ಹಾಕಿದವರಲ್ಲಿ ಇಬ್ಬರು, ‘ನಿಮ್ಮಲ್ಲಿ ಮಾಡಿದವರ ಹೆಸರು ಹೇಳುತ್ತೀರಿ, ಅದಕ್ಕೇ ಬಂದೆವು’ ಎಂದರು. ಅವಳೂ ಅಲ್ಲಿಂದ ಕನ್ನಡದ ಕೆಲಸ ಬಂದಾಗಲೆಲ್ಲ ನಮ್ಮ ಕಡೆ ಕಳಿಸುತ್ತಾಳೆ. ಬಚ್ಚಿಟ್ಟು ಉಳಿಸಿಕೊಳ್ಳಬಹುದು ಎಂಬ ಲೆಕ್ಕವೇ ನನಗೆ ಸರಿ ಕಾಣುವುದಿಲ್ಲ.

ಪಾಸ್‌ವರ್ಡ್ ಕೊಟ್ಟು ತಂತ್ರಾಂಶದಿಂದ ಸಂಪರ್ಕ ಕೋರಿಕೆ ಕಳಿಸುವುದು, ಪರಸ್ಪರ ಲೈಕ್ ಒತ್ತಲೆಂದೇ ಗುಂಪು ಕಟ್ಟಿಕೊಳ್ಳುವುದು, ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂದೇಶ, ಲೈಕ್, ಕಾಮೆಂಟ್‌ಗಳನ್ನು ಯಂತ್ರದ ಮೂಲಕ ಹಾಕುವುದನ್ನು ಲಿಂಕ್ಡ್‌ಇನ್‌ನ ಬಳಕೆದಾರರ ಒಪ್ಪಂದವೇ ನಿಷೇಧಿಸಿದೆ. ಖಾತೆಗೇ ಬೀಗ ಬೀಳಬಹುದು. ಆಗ ಅನುಭವಿಸುವವರು ಸಂಸ್ಥಾಪಕರು, ಪ್ಯಾಕೇಜ್ ಮಾರಿದವರಲ್ಲ. ನಮ್ಮ ಕಚೇರಿಗೆ ಬಂದ ಯುವಕ ಇದನ್ನು ತಾನಾಗಿ ಹೇಳಲಿಲ್ಲ. ಕೇಳಿದ ಮೇಲೂ ‘ಎಲ್ಲರೂ ಮಾಡುತ್ತಾರೆ’ ಎಂದಷ್ಟೇ ಉತ್ತರಿಸಿದ.

ಸ್ವಲ್ಪ ಹೆಸರಾದ ಸಂಸ್ಥಾಪಕರ ಬಳಿಗೆ ಇನ್ನೊಂದು ಪ್ರಲೋಭನೆ ಬರುತ್ತದೆ. ಯಾವುದೋ ತಂತ್ರಾಂಶವನ್ನೋ ತರಬೇತಿಯನ್ನೋ ಹೊಗಳಿ ಬರೆಯಿರಿ, ಹಣವೋ ಉಚಿತ ಬಳಕೆಯೋ ಕೊಡುತ್ತೇವೆ ಎನ್ನುತ್ತಾರೆ. ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲೇ ಇಂಥ ಬರಹಗಳಿಗೆ ಮಾರ್ಗಸೂಚಿ ಹೊರಡಿಸಿದೆ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ, ಹಣ ಅಥವಾ ಉಡುಗೊರೆ ಪಡೆದು ಹೊಗಳುವವರು ಅದನ್ನು ಓದುಗರಿಗೆ ಎದ್ದು ಕಾಣುವಂತೆ ತಿಳಿಸಬೇಕು ಎಂದು ಹೇಳಿದೆ. ಸಿನಿಮಾ ತಾರೆಯರಿಗೂ ಇನ್‌ಸ್ಟಾಗ್ರಾಂ ಹುಡುಗರಿಗೂ ಮಾತ್ರ ಈ ಮಾತು ಎಂದು ನಮ್ಮ ವೃತ್ತಿಯ ಎಷ್ಟೋ ಜನ ತಿಳಿದಿದ್ದಾರೆ. ಜಾಹೀರಾತು ಮಾಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನಾವು ಜಾಹೀರಾತನ್ನು ಅನುಭವದ ಮಾತಿನಂತೆ ದಾಟಿಸಿದರೆ, ಗಿರಾಕಿಗಳು ನಮ್ಮನ್ನು ಯಾಕೆ ನಂಬಬೇಕು?

ಗಿರಾಕಿಯ ವ್ಯಾಪಾರದ ಅಂಕಿಗಳನ್ನು, ಅವರು ನಂಬಿ ಕಳಿಸಿದ ಸಂದೇಶಗಳ ಚಿತ್ರಗಳನ್ನು ಕೇಳದೆ ಪ್ರಕಟಿಸುವುದೂ ಅಷ್ಟೇ ಕೆಟ್ಟದ್ದು. ಸಣ್ಣ ಊರುಗಳಲ್ಲಿ ಒಬ್ಬರ ಮಾರಾಟ ಎಷ್ಟು ಎಂಬುದು ಪಕ್ಕದ ಅಂಗಡಿಯವರಿಗೆ ತಿಳಿದರೆ ಆಗುವ ತೊಂದರೆ ಬೆಂಗಳೂರಿನಲ್ಲಿ ಕೂತು ಬರೆಯುವವರ ಊಹೆಗೆ ಬರುವುದಿಲ್ಲ. ಅದಕ್ಕೇ ನಾವು ಕೆಲಸ ಒಪ್ಪಿಕೊಳ್ಳುವ ಪತ್ರದಲ್ಲೇ ಒಂದು ಸಾಲು ಸೇರಿಸಿದ್ದೇವೆ: ಈ ಕೆಲಸದ ಬಗ್ಗೆ ಬರೆಯುವ ಮುನ್ನ ಬರಹವನ್ನು ನಿಮಗೆ ತೋರಿಸುತ್ತೇವೆ, ಬೇಡವೆಂದರೆ ಬಿಡುತ್ತೇವೆ.

ಬರೆಯಲು ನಿಜವಾಗಿಯೂ ಬಾರದವರು, ಸಮಯವೇ ಇಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ನಮ್ಮ ತಾಲ್ಲೂಕುಗಳಲ್ಲಿ ಅದ್ಭುತ ಕೆಲಸಗಾರರಿದ್ದಾರೆ, ನಾಲ್ಕು ಸಾಲು ಬರೆಯೆಂದರೆ ಬೆವರುತ್ತಾರೆ. ಅವರಿಗೆ ದಾರಿ ಕನ್ನಡ ಪತ್ರಿಕೆಗಳಲ್ಲೇ ಇದೆ. ಕುಸ್ತಿ ಪಟುವಿನದೋ, ರಂಗಭೂಮಿಯ ಹಿರಿಯ ಕಲಾವಿದರದೋ ಅನುಭವ ಪ್ರಕಟಿಸುವಾಗ ನೀವು ಕೊನೆಯಲ್ಲಿ ‘ನಿರೂಪಣೆ’ ಎಂದು ಬರೆದುಕೊಂಡವರ ಹೆಸರು ಹಾಕುತ್ತೀರಿ. ಮಾತು ಒಬ್ಬರದು, ಬರವಣಿಗೆ ಇನ್ನೊಬ್ಬರದು, ಎರಡೂ ಓದುಗರ ಮುಂದೆ ಬಯಲಾಗಿರುತ್ತವೆ. ಯಾರ ಗೌರವವೂ ಇದರಿಂದ ಕಡಿಮೆಯಾಗಿಲ್ಲ. ಸಂಸ್ಥಾಪಕರೂ ಹಾಗೆಯೇ ಮಾಡಬಹುದು. ಊರಿನ ಪತ್ರಿಕೋದ್ಯಮದ ವಿದ್ಯಾರ್ಥಿಯೊಬ್ಬರನ್ನು ಕರೆದು, ತಮ್ಮ ಕಾರ್ಖಾನೆ, ಕಚೇರಿ ತೋರಿಸಿ, ಕೆಲಸ ಮಾಡಿದವರ ಜೊತೆ ಮಾತಾಡಿಸಿ, ಬರೆಸಿ, ಸಂಭಾವನೆ ಕೊಟ್ಟು, ಕೊನೆಯಲ್ಲಿ ಅವರ ಹೆಸರು ಹಾಕಲಿ. ಧಾರವಾಡದಲ್ಲಿ ವಿಶ್ವವಿದ್ಯಾಲಯವೇ ಇದೆ, ಬರೆಯಬಲ್ಲ ಮಕ್ಕಳಿಗೆ ಬರವಿಲ್ಲ. ಬಾಡಿಗೆ ಪ್ಯಾಕೇಜಿನ ಅರ್ಧ ಹಣಕ್ಕೆ ಇದಾಗುತ್ತದೆ, ಬರಹವೂ ನಿಮ್ಮ ಊರಿನ ವಾಸನೆ ಇರುವ ಬರಹವಾಗುತ್ತದೆ.

ಕನ್ನಡದಲ್ಲಿ ಬರೆದರೆ ಬೆಂಗಳೂರಿನ, ಹೊರ ರಾಜ್ಯದ ಗಿರಾಕಿಗಳು ಸಿಗುವುದಿಲ್ಲ ಎಂಬ ಅಂಜಿಕೆಯೂ ಹಲವರಲ್ಲಿದೆ. ನಾನು ಎರಡೂ ಭಾಷೆಯಲ್ಲಿ ಬರೆಯುತ್ತೇನೆ. ಆದರೆ ಒಂದೇ ಪೋಸ್ಟಿನಲ್ಲಿ ಎರಡನ್ನೂ ತುರುಕುವುದಿಲ್ಲ. ಕನ್ನಡದ ಪೊಟ್ಟಣದ ಬಗ್ಗೆ ಕನ್ನಡದಲ್ಲಿ, ಫೌಂಡ್ರಿಯವರ ರಫ್ತು ಪುಸ್ತಿಕೆಯ ಬಗ್ಗೆ ಇಂಗ್ಲಿಷಿನಲ್ಲಿ. ಕನ್ನಡ ಲೇಬಲ್ ಮಾಡಿಸಬೇಕಾಗಿದ್ದ ಮುಂಬೈಯ ಕಂಪನಿಯೊಂದು ನಮ್ಮನ್ನು ಹುಡುಕಿಕೊಂಡು ಬಂದದ್ದು ಕನ್ನಡದ ಪೋಸ್ಟ್‌ಗಳಿಂದಲೇ. ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ, ಆದರೆ ಅಲ್ಲಿನ ಕನ್ನಡದ ಉದ್ಯೋಗಿಯೊಬ್ಬರು ಓದಿ ಹೇಳಿದ್ದರು.

ಈಗ ತಮ್ಮಲ್ಲಿ ಎರಡು ಕೋರಿಕೆ. ಹಣ ಕೊಟ್ಟು ಬರೆಸುವುದನ್ನು ಸಲಹೆಯಾಗಿ ಪ್ರಕಟಿಸುವಾಗ, ಅದರ ಅಪಾಯಗಳನ್ನೂ ಅದೇ ಪುಟದಲ್ಲಿ ಬರೆಸಿ. ನಿಮ್ಮ ವಾಣಿಜ್ಯ ಪುಟಕ್ಕೆ ನನ್ನಂಥ ಸಂಸ್ಥಾಪಕರನ್ನು ಸಂದರ್ಶಿಸಲು ವರದಿಗಾರರು ಬಂದಾಗ, ಈ ಕೆಲಸವನ್ನು ಕೈಯಾರೆ ಮಾಡಿದವರು ಯಾರು ಎಂದು ತಪ್ಪದೆ ಕೇಳಲಿ. ನಾವು ಹೇಳುವ ಹೆಸರುಗಳನ್ನು, ಜಾಗ ಸಾಲದಿದ್ದರೆ ನಮ್ಮ ಫೋಟೊವನ್ನು ಚಿಕ್ಕದು ಮಾಡಿಯಾದರೂ, ಅಚ್ಚು ಹಾಕಿ.

ಇಂತಿ,
ಪ್ಯಾಕೇಜಿಂಗ್ ವಿನ್ಯಾಸ ಸಂಸ್ಥೆಯೊಂದರ ಸಂಸ್ಥಾಪಕಿ
ಗೋಕುಲ ರಸ್ತೆ, ಹುಬ್ಬಳ್ಳಿ